ಠಣ್ ಅನ್ನುವ ಸೌದೆ

ಆ ಮನೆಯ ಒಲೆಗೆ ಯಾವ ಸೌದೆ ಹೋಗಬೇಕು, ಯಾವುದು ಹೋಗಬಾರದು ಎಂದು ತೀರ್ಮಾನಿಸುವವಳು ಸೌದೆಯಮ್ಮ ಒಬ್ಬಳೇ. ಮಗ ಊರ ತುಂಬ ಬಸ್ಸು ಓಡಿಸುವವನಿರಬಹುದು, ಸೊಸೆ ಅಂಚೆ ಕಚೇರಿಯಲ್ಲಿ ಕೂತು ಲೋಕದ ಪಾರ್ಸಲ್ಲುಗಳನ್ನೆಲ್ಲ ತೂಗುವವಳಿರಬಹುದು. ಹಿತ್ತಲಿನ ಶೆಡ್ಡಿನ ಮುಂದೆ ಇಬ್ಬರ ಆಟವೂ ನಡೆಯುತ್ತಿರಲಿಲ್ಲ. ಮೂವತ್ತೊಂದು ವರ್ಷ ಸೌದೆ ಡಿಪೋದಲ್ಲಿ ಹಸಿ ಯಾವುದು ಒಣ ಯಾವುದು ಎಂದು ವಿಂಗಡಿಸಿದ ಕೈ ಅವಳದು. ಹೆಸರು ಹಿಡಿದು ಕರೆಯುವವರು ಯಾವ ಕಾಲಕ್ಕೋ ಇಲ್ಲವಾಗಿ, ಬೀದಿಯ ಬಾಯಲ್ಲಿ ಸೌದೆಯಮ್ಮ ಎಂದೇ ಉಳಿದಿದ್ದಳು. ಅದಕ್ಕೆ ಅವಳ ತಕರಾರೇನೂ ಇರಲಿಲ್ಲ. ಒಳಗೊಳಗೆ ಸ್ವಲ್ಪ ಜಂಬವೇ ಇತ್ತು.

ಚಳಿ ಕಾಲಿಡುವುದಕ್ಕೆ ಒಂದು ವಾರ ಮುಂಚೆ ಪರೀಕ್ಷೆ ಶುರುವಾಗುತ್ತಿತ್ತು. ಶೆಡ್ಡಿನ ಮುಂದೆ ಮಣೆ ಹಾಕಿಕೊಂಡು ಕೂತರೆ, ಎಡಗೈಯಲ್ಲಿ ‘ಮೇಷ್ಟ್ರು’. ಮೇಷ್ಟ್ರು ಎಂದರೆ ಒಂದು ಗೇಣುದ್ದದ ಗಟ್ಟಿಮರದ ಸೀಳು. ಡಿಪೋ ಬಿಡುವ ದಿನ ಸೆರಗಿನಲ್ಲಿ ಸುತ್ತಿಕೊಂಡು ತಂದದ್ದು, ಇಷ್ಟು ವರ್ಷ ಕೈ ಬೆವರು ಕುಡಿದು ಹೊಳಪು ಬಂದದ್ದು. ಬಲಗೈಯಲ್ಲಿ ಪರೀಕ್ಷೆಗೆ ಬಂದ ಸೌದೆ. ಮೇಷ್ಟ್ರಿಂದ ಅದರ ಬೆನ್ನಿಗೆ ಒಂದು ಪೆಟ್ಟು. ಒಣಗಿದ್ದರೆ ‘ಠಣ್’ ಅನ್ನುತ್ತದೆ, ಹೊಟ್ಟೆಯಲ್ಲಿ ನೀರಿದ್ದರೆ ‘ದೊಬ್’ ಅನ್ನುತ್ತದೆ. ಠಣ್ ಅಂದದ್ದು ಬಲಗಡೆಯ ಬುಟ್ಟಿಗೆ, ಅದು ಈ ಚಳಿಗಾಲಕ್ಕೆ. ದೊಬ್ ಅಂದದ್ದು ಎಡಗಡೆಯ ಬುಟ್ಟಿಗೆ, ಅದು ಇನ್ನೊಂದು ಬೇಸಿಗೆಯ ಬಿಸಿಲು ಕುಡಿದು ಬರಲಿ. ಬಣ್ಣ ಬಳಿದ ಹಳೇ ಕಿಟಕಿಯ ಚೌಕಟ್ಟು, ಮೊಳೆ ಕಿತ್ತ ಹಲಗೆ, ಇಂಥವನ್ನು ಯಾರಾದರೂ ಪುಕ್ಕಟೆ ತಂದುಕೊಟ್ಟರೆ, “ವಿಷದ ಹೊಗೆ ಕುಡಿಯೋ ಆಸೆ ನಿನಗಿದ್ರೆ ನಿನ್ನ ಮನೇಲೇ ಉರಿಸ್ಕೋ” ಎಂದು ಅಲ್ಲೇ ವಾಪಸ್ಸು ಕಳಿಸುತ್ತಿದ್ದಳು.

ತುದಿಯ ಬಿರುಕು ನೋಡಿ, ತೊಗಟೆ ಸಡಿಲವಾಗಿದೆಯೇ ಎಂದು ಕೆರೆದು ನೋಡಿ ಸೌದೆ ಆರಿಸುವವರೂ ಇದ್ದಾರೆ. ಅಂಥವರನ್ನು ಕಂಡರೆ ಅವಳು ಮೂಗು ಮುರಿಯುತ್ತಿದ್ದಳು. ಬಿರುಕು ಸುಳ್ಳು ಹೇಳುತ್ತೆ, ತೊಗಟೆ ಸುಳ್ಳು ಹೇಳುತ್ತೆ, ಸದ್ದು ಮಾತ್ರ ಸುಳ್ಳು ಹೇಳಲ್ಲ ಅನ್ನುವುದು ಅವಳ ವಾದ.

ಈ ವರ್ಷ ಸದ್ದು ಸುಳ್ಳು ಹೇಳಲಿಲ್ಲ, ನಿಜ. ಆದರೆ ಆ ಸದ್ದು ಅವಳನ್ನು ಸರಿಯಾಗಿ ಮುಟ್ಟಲೇ ಇಲ್ಲ.

ಡಿಪೋದವನು ಸೌದೆ ಇಳಿಸಿ ಹೋಗುವಾಗ ಹತ್ತಿರ ಬಂದು ಹೇಳಿಯೇ ಹೋಗಿದ್ದ: “ಅಕ್ಕಾ, ಇದ್ರಲ್ಲಿ ಎರಡು ವರ್ಷ ಒಣಗಿದ್ದೂ ಇದೆ, ಹೋದ ವರ್ಷ ಗಾಳಿಗೆ ಬಿದ್ದ ಮರದ್ದೂ ಇದೆ. ಲಾರಿಗೆ ತುಂಬೋವಾಗ ಬೆರೆತುಹೋಯ್ತು. ನೀವು ಹೇಗೂ ಬಡಿದು ನೋಡಿಯೇ ಹಾಕ್ತೀರಲ್ಲ.” ಅವನು ಅವಳ ಕೈಕೆಳಗೆ ಕೆಲಸ ಕಲಿತವನು. ಅಕ್ಕನಿಗೆ ಹೇಳಿದರೆ ಮುಗಿಯಿತು ಎಂದು ನಿಶ್ಚಿಂತೆಯಿಂದ ಹೋದ.

ಮಾರನೆಯ ದಿನ ಬೆಳಿಗ್ಗೆ ಮೊದಲ ಸೀಳಿಗೆ ಮೇಷ್ಟ್ರಿಂದ ಪೆಟ್ಟು ಕೊಟ್ಟಳು. ದೊಬ್. ಎಡಕ್ಕೆ ಹಾಕಿದಳು. ಎರಡನೆಯದು, ದೊಬ್. ಮೂರನೆಯದೂ ದೊಬ್. ಎಡಗಡೆಯ ಬುಟ್ಟಿ ತುಂಬಿ ಹೊರಗೆ ಚೆಲ್ಲಿತು, ಬಲಗಡೆಯದರಲ್ಲಿ ಒಂದು ತರಗೆಲೆ ಬಿಟ್ಟರೆ ಏನೂ ಇರಲಿಲ್ಲ. ಅನುಮಾನ ಬಂದು ಶೆಡ್ಡಿನೊಳಗಿಂದ ಹೋದ ವರ್ಷ ಉಳಿದಿದ್ದ, ತಾನೇ ಪಾಸು ಮಾಡಿದ್ದ ಒಂದು ಸೌದೆಯನ್ನು ತಂದು ಬಡಿದಳು. ಅದೂ ದೊಬ್ ಅಂದಿತು. ಕೆಟ್ಟಿರುವುದು ಸೌದೆಯಲ್ಲ ಎಂದು ಅವಳಿಗೆ ಆಗಲೇ ತಿಳಿಯಿತು.

ಆಗಲೇ ಒಳಗೆ ಹೋಗಿ ಹೇಳಬಹುದಿತ್ತಲ್ಲ ಎಂದು ನೀವು ಕೇಳಬಹುದು. ಹೇಳಬಹುದಿತ್ತು. ಆದರೆ ಒಳಗೆ ತೊಟ್ಟಿಲಲ್ಲಿ ಐದು ತಿಂಗಳ ಮೊಮ್ಮಗಳಿದ್ದಳು. ಸೊಸೆಯ ಹೆರಿಗೆ ರಜೆ ಮುಗಿಯುವುದರಲ್ಲಿತ್ತು. ಚಳಿಗಾಲದ ನಡುವಿನ ಒಂದನೇ ತಾರೀಕಿನಿಂದ ಅವಳು ಕೆಲಸಕ್ಕೆ, ಮಗು ಅಜ್ಜಿಯ ಕೈಗೆ, ಎಂದು ಮಾತಾಗಿತ್ತು. ಅದೊಂದು ತಾರೀಕಿಗಾಗಿ ಸೌದೆಯಮ್ಮ ಕ್ಯಾಲೆಂಡರಿನ ಮುಂದೆ ದಿನಕ್ಕೆರಡು ಸಲ ನಿಲ್ಲುತ್ತಿದ್ದಳು. ಕಿವಿ ಕೇಳಿಸದ ಮುದುಕಿಯ ಕೈಗೆ ಯಾವ ತಾಯಿ ಕೂಸನ್ನು ಬಿಟ್ಟು ಹೋಗುತ್ತಾಳೆ? ಹತ್ತಿರ ನಿಂತು ಮಾತಾಡಿದರೆ ತುಟಿ ನೋಡಿ ಹೇಗೋ ನಿಭಾಯಿಸುತ್ತಿದ್ದೇನೆ, ಹೀಗೇ ಒಂದನೇ ತಾರೀಕು ದಾಟಿಬಿಟ್ಟರೆ ಸಾಕು ಎಂದುಕೊಂಡಳು.

ಅಷ್ಟರಲ್ಲಿ ಡ್ಯೂಟಿಗೆ ಹೊರಟ ಮಗ ಹಿತ್ತಲಿಗೆ ಬಂದು ಬುಟ್ಟಿಗಳನ್ನು ನೋಡಿ ಬೆಚ್ಚಿದ.

“ಏನಮ್ಮ ಇದು, ಎಲ್ಲಾನೂ ಫೇಲ್ ಮಾಡಿಟ್ಟಿದ್ದೀಯ! ಚಳಿಗಾಲಕ್ಕೆ ನಮ್ಮನ್ನೇ ಒಲೆಗೆ ಹಾಕ್ತೀಯಾ?”

“ಇನ್ನೂ ಮುಗಿದಿಲ್ಲ ಹೋಗೋ. ಪರೀಕ್ಷೆ ಮಧ್ಯೆ ಬಾಯಿ ಹಾಕಬೇಡ” ಎಂದು ಗದರಿದಳು.

ಅವನು ಹೋದ ಮೇಲೆ ಅವಳು ಮಾಡಿದ ಕೆಲಸ ಇದೆಯಲ್ಲ, ಅದನ್ನು ಬರೆಯುವುದಕ್ಕೇ ನಾಚಿಕೆಯಾಗುತ್ತದೆ. ತುದಿಯ ಬಿರುಕು ನೋಡಿ ಆರಿಸೋಣವೆಂದು ಹೊರಟಳು. ಗಾಳಿಗೆ ಬಿದ್ದ ಮರದ ಸೌದೆಯ ತುದಿಯೂ ಬೇಸಿಗೆಯ ಬಿಸಿಲಿಗೆ ಚೆನ್ನಾಗಿಯೇ ಬಿರಿದಿತ್ತು; ಎರಡೂ ಅಣ್ಣತಮ್ಮಂದಿರ ಹಾಗೆ ಒಂದೇ ಥರ ಕಂಡವು. ಕೊನೆಗೆ ಮೇಷ್ಟ್ರನ್ನು ಬಡಿದಂತೆ ಮಾಡುತ್ತ, ಕಿವಿಗೊಟ್ಟಂತೆ ನಟಿಸುತ್ತ, ಒಂದು ಬಲಕ್ಕೆ ಒಂದು ಎಡಕ್ಕೆ, ಒಂದು ಬಲಕ್ಕೆ ಒಂದು ಎಡಕ್ಕೆ ಎಂದು ಹಾಕುತ್ತ ಹೋದಳು. ಸಂಜೆ ಹೊತ್ತಿಗೆ ಎರಡು ಬುಟ್ಟಿಯೂ ಸಮಸಮ. ಮೂವತ್ತೊಂದು ವರ್ಷದ ಮರ್ಯಾದೆ ಒಂದೇ ದಿನಕ್ಕೆ ಮಣ್ಣುಪಾಲು ಎಂದು ಅವಳಿಗೇ ಅನ್ನಿಸಿ, ಮೇಷ್ಟ್ರ ಮುಖವನ್ನು ಗೋಡೆಗೆ ತಿರುಗಿಸಿಟ್ಟು ಶೆಡ್ಡಿನ ಬಾಗಿಲು ಹಾಕಿದಳು.

ಚಳಿ ಬಂತು. ನಡುಮನೆಯ ಮೂಲೆಯ ಕಬ್ಬಿಣದ ಒಲೆ ಹೊತ್ತಿತು. ಹೊತ್ತಿತು ಅನ್ನುವುದಕ್ಕಿಂತ ಗೊಣಗಿತು ಅನ್ನಬೇಕು. ಒಂದು ದಿನ ಚೆನ್ನಾಗಿ ಉರಿದರೆ ಎರಡು ದಿನ ಹೊಗೆ. ಒಲೆಯ ಗಾಜಿನ ಬಾಗಿಲು ವಾರದೊಳಗೆ ಕಪ್ಪಾಗಿ, ಒಳಗೆ ಬೆಂಕಿ ಇದೆಯೋ ಇಲ್ಲವೋ ಎಂದು ಬಾಗಿಲು ತೆರೆದೇ ನೋಡಬೇಕಾಯಿತು. ಸೌದೆಯ ತುದಿಯಲ್ಲಿ ನೊರೆ ಉಕ್ಕುತ್ತಿತ್ತು.

“ಅತ್ತೆ, ಸೌದೆ ಸುಯ್ ಸುಯ್ ಅಂತಿದೆಯಲ್ಲ, ಹಸಿ ಏನಾದ್ರೂ ಸೇರಿದೆಯಾ?” ಎಂದು ಸೊಸೆ ಕೇಳಿದಳು.

ಸೌದೆಯಮ್ಮನಿಗೆ ಯಾವ ಸುಯ್ಯೂ ಕೇಳಿರಲಿಲ್ಲ. “ಅದು ಚಳಿಗೆ ಹಾಗೇ ಕಣಮ್ಮ” ಎಂದು ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಏನೋ ಒಂದು ಹೇಳಿ ಅಡುಗೆಮನೆಗೆ ಎದ್ದು ಹೋದಳು. ಸೊಸೆ ಮುಂದೆ ಕೇಳಲಿಲ್ಲ. ಸೌದೆಯ ವಿಷಯದಲ್ಲಿ ಅತ್ತೆಗೆ ಎದುರಾಡುವುದು ಆ ಮನೆಯ ರೂಢಿಯೇ ಅಲ್ಲ.

ಮೂರನೆಯ ವಾರಕ್ಕೆ ಮಗನ ತಾಳ್ಮೆ ಕೆಟ್ಟಿತು. ಮಗು ರಾತ್ರಿಯೆಲ್ಲ ಕೆಮ್ಮುತ್ತೆ, ನಡುಮನೆಯ ಗೋಡೆ ಹೊಗೆ ಹಿಡಿದಿದೆ, ಒಲೆಗೆ ವಯಸ್ಸಾಯಿತು, ಕಿತ್ತು ಹಾಕಿಸಿ ಕರೆಂಟಿನ ಹೀಟರ್ ತರೋಣ ಎಂದು ಪಟ್ಟು ಹಿಡಿದ. ಭಾನುವಾರ ಬೆಳಿಗ್ಗೆ ಗುಜರಿಯವನು ಬಂದು ಒಲೆ ಒಯ್ಯುವುದೆಂದೂ, ಅದಕ್ಕೆ ಮುಂಚೆ ಮಸಿಯಣ್ಣ ಬಂದು ಕೊಳವೆ ಬಿಚ್ಚಿ ಹೊಗೆಗೂಡಿನ ಬಾಯಿ ಮುಚ್ಚುವುದೆಂದೂ ನಿಶ್ಚಯವಾಯಿತು. ಮಸಿಯಣ್ಣ ಎಂದರೆ ಊರ ಹೊಗೆಗೂಡುಗಳನ್ನೆಲ್ಲ ಉಜ್ಜಿ ಶುಚಿ ಮಾಡುವವನು. ಮೈತುಂಬ ಮಸಿ, ಹಲ್ಲು ಮಾತ್ರ ಬೆಳ್ಳಗೆ.

ಒಲೆ ಹೋಗುತ್ತದೆಂದರೆ ಸೌದೆಯಮ್ಮನಿಗೆ ಹೊಟ್ಟೆ ಉರಿಯಿತು. ಜೊತೆಗೇ ಒಂದು ಕಳ್ಳ ಸಮಾಧಾನವೂ ಆಯಿತು. ಒಲೆ ಹೋದರೆ ಸೌದೆ ಬೇಡ, ಸೌದೆ ಬೇಡವಾದರೆ ಪರೀಕ್ಷೆ ಇಲ್ಲ, ಪರೀಕ್ಷೆ ಇಲ್ಲದಿದ್ದರೆ ಕಿವಿಯ ವಿಷಯ ಯಾರಿಗೂ ಗೊತ್ತಾಗುವುದಿಲ್ಲ. ತುಟಿ ಬಿಗಿದು ಒಪ್ಪಿಕೊಂಡಳು. ಅವಳು ಅಷ್ಟು ಸುಲಭವಾಗಿ ಒಪ್ಪಿದ್ದೇ ಮಗನಿಗೆ ಆಶ್ಚರ್ಯ.

ಭಾನುವಾರ ಮಸಿಯಣ್ಣ ಹಗ್ಗ, ಉದ್ದ ಕೋಲು, ತಂತಿಯ ಬ್ರಷ್ಷು ಹೊತ್ತು ಬಂದ. ಹಳೇ ಬೆಡ್‌ಶೀಟು ಹಾಸಿ, ಒಲೆಯ ಹಿಂದಿನ ಕೊಳವೆ ಬಿಚ್ಚಿ, ಹೊಗೆಗೂಡಿನೊಳಗೆ ಟಾರ್ಚು ಬಿಟ್ಟು ನೋಡಿದ. ಆಮೇಲೆ ಬ್ರಷ್ಷಿನ ಹಿಡಿಯಿಂದ ಒಳಗೋಡೆಯನ್ನು ಕೆರೆದ. ಬೆಡ್‌ಶೀಟಿನ ಮೇಲೆ ಬಿದ್ದದ್ದು ಮಾಮೂಲಿ ಪುಡಿ ಮಸಿಯಲ್ಲ. ಹೊಳೆಯುವ ಕಪ್ಪು ಹೆಕ್ಕಳೆಗಳು, ರಸ್ತೆಯ ಟಾರು ಒಣಗಿ ಎದ್ದ ಹಾಗೆ.

“ಒಲೆ ಕಲ್ಲಿನ ಹಾಗಿದೆ, ಅದರದ್ದೇನೂ ತಪ್ಪಿಲ್ಲ” ಎಂದ ಮಸಿಯಣ್ಣ. “ಇದು ಹಸಿ ಸೌದೆ ಉರಿಸಿದ್ದು. ಹಸಿ ಸೌದೆಯ ಹೊಗೆ ತಣ್ಣಗಿರುತ್ತೆ, ಮೇಲೆ ಹೋಗೋ ಬದಲು ಗೋಡೆಗೆ ಅಂಟ್ಕೊಳುತ್ತೆ. ಇದಕ್ಕೊಂದು ಕಿಡಿ ತಾಗಿದ್ರೆ ಹೊಗೆಗೂಡೇ ಹತ್ಕೊಂಡು ಉರಿಯೋದು ಸ್ವಾಮಿ. ಇನ್ನೊಂದು ತಿಂಗಳು ಹೀಗೇ ನಡೆದಿದ್ರೆ ನೀವು ನನ್ನನ್ನಲ್ಲ, ಫೈರ್ ಎಂಜಿನ್ ಕರೀಬೇಕಿತ್ತು.”

ಅವನು ಎದುರಿಗೇ ಕೂತಿದ್ದರಿಂದ ಒಂದೊಂದು ಮಾತೂ ಸೌದೆಯಮ್ಮನಿಗೆ ಮುಟ್ಟಿತು. ಅವಳ ಕಣ್ಣು ತಾನೇ ತಾನಾಗಿ ತೊಟ್ಟಿಲ ಕಡೆ ಹೋಯಿತು. ಹೊಗೆಗೂಡು ಇದ್ದದ್ದು ಆ ಗೋಡೆಯಲ್ಲೇ, ತೊಟ್ಟಿಲಿಗೆ ಮೂರು ಮಾರು ದೂರ.

ಮಗನ ಮುಖ ಕೆಂಪಾಗಿತ್ತು. “ಹಸಿ ಸೌದೇನಾ? ಹಾಗಾದ್ರೆ ಡಿಪೋದವನು ನಮಗೆ ಟೋಪಿ ಹಾಕಿದ್ದಾನೆ. ಅಮ್ಮನ ಕೈಲಿ ಕೆಲಸ ಕಲಿತವನು ಅಮ್ಮನಿಗೇ ಮೋಸ ಮಾಡೋದಾ! ಈಗಲೇ ಹೋಗಿ ನಾಲ್ಕು ಜನರ ಮುಂದೆ ಅವನ ಮಾನ ತೆಗೀತೀನಿ” ಎಂದು ಚಪ್ಪಲಿಗೆ ಕಾಲು ತೂರಿಸಿದ.

ಅಲ್ಲಿಗೆ ಸೌದೆಯಮ್ಮನಿಗೆ ತಡೆಯಲಾಗಲಿಲ್ಲ. ಒಲೆ ಹೋಗಲಿ ಎಂದರೆ ಬಾಯಿ ಮುಚ್ಚಿಕೊಂಡಿರಬಲ್ಲಳು, ಆದರೆ ಇದ್ದದ್ದನ್ನು ಹೇಳಿಯೇ ಸೌದೆ ಇಳಿಸಿಹೋದ ಹುಡುಗನನ್ನು ಕಳ್ಳನೆಂದರೆ ಸುಮ್ಮನಿರುವವರ ಪೈಕಿಯಲ್ಲ ಅವಳು. ಬಾಗಿಲಿಗೆ ಅಡ್ಡ ನಿಂತಳು.

“ಅವನು ಮೋಸ ಮಾಡಿಲ್ಲ ಕಣೋ. ಹಸಿ-ಒಣ ಬೆರೆತಿದೆ, ನೋಡಿ ಹಾಕಿ ಅಂತ ನಂಗೆ ಹೇಳಿಯೇ ಹೋಗಿದ್ದ. ನಾನು ನೋಡಿ ಹಾಕಲಿಲ್ಲ.”

“ನೀನು ಬಡಿದು ನೋಡಿದ್ದನ್ನ ನಾನೇ ಕಂಡಿದ್ದೀನಲ್ಲಮ್ಮ.”

“ಬಡಿದೆ. ಕೇಳಿಸಲಿಲ್ಲ. ನಂಗೆ ಕಿವಿ ಕೇಳಿಸ್ತಾ ಇಲ್ಲ.”

ಮಗ ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡು ನಿಂತಲ್ಲೇ ನಿಂತ. ಮಸಿಯಣ್ಣ ತನಗೆ ಸಂಬಂಧವಿಲ್ಲದ ಮಾತು ಎಂಬಂತೆ ಹೊಗೆಗೂಡಿನೊಳಗೆ ತಲೆ ತೂರಿಸಿದ. ಸೊಸೆ ಮಾತ್ರ ಹತ್ತಿರ ಬಂದು, ಅತ್ತೆಯ ಮುಖಕ್ಕೆ ಮುಖ ಕೊಟ್ಟು ಕೇಳಿದಳು.

“ಮೂರು ವಾರದಿಂದ ಮಗು ಕೆಮ್ತಾ ಇದ್ದದ್ದು?”

“ಕೇಳಿಸಲಿಲ್ಲಮ್ಮ.”

“ಪಕ್ಕದ ರೂಮಲ್ಲೇ ಮಲಗ್ತೀರಲ್ಲ ಅತ್ತೆ.”

“ಒಂದು ದಿನವೂ ಕೇಳಿಸಲಿಲ್ಲ. ನೀವಿಬ್ರೂ ಬೆಳಿಗ್ಗೆ ಹೇಳಿದಾಗ್ಲೇ ನಂಗೆ ಗೊತ್ತಾಗ್ತಿದ್ದದ್ದು.”

ಅದನ್ನು ಬಾಯಿಬಿಟ್ಟು ಹೇಳಿದ ಮೇಲೆಯೇ ಅದರ ಭಾರ ಅವಳಿಗೆ ತಿಳಿದದ್ದು. ಕೆಮ್ಮುವ ಕೂಸಿನ ಪಕ್ಕದ ಕೋಣೆಯಲ್ಲಿ ಗಡದ್ದಾಗಿ ನಿದ್ದೆ ಹೊಡೆದಿದ್ದಳು, ಆ ಕೆಮ್ಮಿಗೆ ತಾನೇ ಕಾರಣವಾಗಿ. ಸೆರಗನ್ನು ಬಾಯಿಗೆ ಒತ್ತಿ ಹಿಡಿದು ಅಳತೊಡಗಿದಳು. ಸೊಸೆ ಸಮಾಧಾನ ಮಾಡಲಿಲ್ಲ. ಸಿಟ್ಟು ಬಂದಿತ್ತು, ಬರಬೇಕಾದದ್ದೇ. “ನಾನು ಅವಳನ್ನ ನಿಮ್ಮ ಕೈಲಿ ಬಿಟ್ಟು ಹೋಗೋಳಿದ್ದೆ” ಎಂದಷ್ಟೇ ಹೇಳಿ ಮಗುವನ್ನು ಎತ್ತಿಕೊಂಡು ಒಳಗೆ ಹೋದಳು.

ಅಷ್ಟರಲ್ಲಿ ಗುಜರಿಯವನು ಗಾಡಿ ತಂದು ಬಾಗಿಲಲ್ಲಿ ನಿಂತ. ಮಗ ಅವನನ್ನು ನೋಡಿ, ತಾಯಿಯನ್ನು ನೋಡಿ, “ಇವತ್ತು ಬೇಡಪ್ಪ, ಒಲೆದೇನೂ ತಪ್ಪಿಲ್ವಂತೆ” ಎಂದು ಕಳಿಸಿಬಿಟ್ಟ. ಮಸಿಯಣ್ಣ ಮಧ್ಯಾಹ್ನದವರೆಗೆ ಕೆರೆದು, ಒಂದು ಬಕೆಟ್ ತುಂಬ ಕಪ್ಪು ಹೆಕ್ಕಳೆ ಹೊತ್ತುಕೊಂಡು ಹೋದ.

ಮರುದಿನ ನಾಲ್ವರೂ ಆಸ್ಪತ್ರೆಗೆ ಹೋದರು. ದಾರಿಯುದ್ದಕ್ಕೂ ಸೊಸೆ ಕಿಟಕಿಯ ಕಡೆ ಮುಖ ಮಾಡಿದ್ದಳು. ಮೊದಲು ಮಕ್ಕಳ ಡಾಕ್ಟರು. ಸೌದೆಯಮ್ಮ ಒಳಗೆ ಹೋಗಲಿಲ್ಲ, ಬೆಂಚಿನ ಮೇಲೆ ಕೂತು ಮುಚ್ಚಿದ ಬಾಗಿಲನ್ನೇ ನೋಡುತ್ತಿದ್ದಳು. ಜೀವ ಕೈಯಲ್ಲಿ ಹಿಡಿದು ಕೂರುವುದು ಅಂದರೆ ಏನೆಂದು ಆ ಹತ್ತು ನಿಮಿಷದಲ್ಲಿ ಅವಳಿಗೆ ಗೊತ್ತಾಯಿತು. ನನ್ನ ಎರಡು ಕಿವಿಯೂ ಹಾಳಾಗಿ ಹೋಗಲಿ, ಮಗುವಿನ ಎದೆ ಚೆನ್ನಾಗಿರಲಿ ಎಂದು ಮನಸ್ಸಿನಲ್ಲೇ ಎಷ್ಟು ಸಲ ಹೇಳಿಕೊಂಡಳೋ.

ಬಾಗಿಲು ತೆರೆಯಿತು. ಸೊಸೆ ಮೂರು ವಾರದಲ್ಲಿ ಮೊದಲ ಸಲ ಬಿಗಿದ ಭುಜ ಸಡಿಲಿಸಿ ಹಗುರಾಗಿ ನಡೆಯುತ್ತಿದ್ದಳು. ನೇರ ಬೆಂಚಿನ ಹತ್ತಿರ ಬಂದು, ಅತ್ತೆಗೆ ಕಾಣುವ ಹಾಗೆ ಬಗ್ಗಿ ಹೇಳಿದಳು: “ಎದೆ ಚೊಕ್ಕವಾಗಿದೆಯಂತೆ. ಗಂಟಲಿಗೆ ಹೊಗೆ ಕಿರಿಕಿರಿ ಅಷ್ಟೇ. ಹೊಗೆ ನಿಂತ್ರೆ ಕೆಮ್ಮು ನಿಲ್ಲುತ್ತೆ ಅಂದ್ರು.”

ಹೋದ ಜೀವ ಬಂದಂತಾಯಿತು. ಮಗುವಿನ ಕಾಲು ಹಿಡಿದುಕೊಂಡು, ಕಾಲುಚೀಲದ ಮೇಲಿಂದಲೇ ಮುತ್ತಿಟ್ಟಳು.

ಆಮೇಲೆ ಕಿವಿ ಡಾಕ್ಟರು. ಆತ ಬಲಗಿವಿಯೊಳಗೆ ದೀಪ ಬಿಟ್ಟು ನೋಡಿ ನಗತೊಡಗಿದ.

“ಅಜ್ಜಿ, ಇಲ್ಲೇನು ಗೋಡೆ ಕಟ್ಟಿಸಿದ್ದೀರಾ? ಗುಗ್ಗೆ ಕಲ್ಲಾಗಿ ಕೂತಿದೆ.”

ಎಣ್ಣೆಯಂಥ ಔಷಧಿ ಬಿಟ್ಟು, ಅರ್ಧ ಗಂಟೆ ಕೂರಿಸಿ, ಬೆಚ್ಚನೆಯ ನೀರು ಹಾಯಿಸಿದ. ಕಡಲೆ ಗಾತ್ರದ ಕಂದು ಉಂಡೆಯೊಂದು ತಟ್ಟೆಯಲ್ಲಿ ಬಿತ್ತು. ಬಿದ್ದ ಸದ್ದು ಸೌದೆಯಮ್ಮನಿಗೆ ಕೇಳಿಸಿತು. ಅವಳು ಬೆಚ್ಚಿ ಕುರ್ಚಿಯ ಕೈ ಹಿಡಿದುಕೊಂಡಳು. ಹೊರಗೆ ಯಾರೋ ಚಪ್ಪಲಿ ಎಳೆದುಕೊಂಡು ಹೋಗುತ್ತಿದ್ದರು, ಗೋಡೆಯ ಗಡಿಯಾರ ಬಡಬಡಿಸುತ್ತಿತ್ತು, ಮಗನ ಮೂಗು ಉಸಿರಾಡಿದಾಗಲೆಲ್ಲ ಸಿಳ್ಳೆ ಹಾಕುತ್ತಿತ್ತು. ಲೋಕ ಇಷ್ಟೊಂದು ಗಲಾಟೆ ಮಾಡುತ್ತದೆಂಬುದೇ ಮರೆತುಹೋಗಿತ್ತು.

“ಈ ಒಂದು ಉಂಡೆಗೆ ನಾನು ಮನೆ ಸುಡೋಳಿದ್ನಾ!” ಎಂದಳು. ತಾನು ಕಿರುಚಿದ್ದು ತನಗೇ ಕೇಳಿಸಿ ಬಾಯಿ ಮುಚ್ಚಿಕೊಂಡಳು. ಮೊದಲು ನಕ್ಕದ್ದು ಸೊಸೆ.

ಎಡಗಿವಿಯ ಕಥೆ ಬೇರೆ. ಅದಕ್ಕೆ ನಿಜವಾಗಿಯೂ ವಯಸ್ಸಾಗಿತ್ತು. ಬೇಕಾದರೆ ಮುಂದೆ ಯಂತ್ರ ಹಾಕಿಸೋಣ ಎಂದ ಡಾಕ್ಟರು. ಒಂದು ಕಿವಿ ವಾಪಸ್ಸು ಬಂದದ್ದೇ ದೊಡ್ಡದು ಎಂದು ಸೌದೆಯಮ್ಮ ಎದ್ದಳು. ಒಂದನೇ ತಾರೀಕಿನ ಮಾತನ್ನು ಮಾತ್ರ ಅವಳು ಎತ್ತಲಿಲ್ಲ. ಎತ್ತುವ ಹಕ್ಕು ತನಗಿಲ್ಲ ಎಂದು ಅವಳಿಗೆ ಗೊತ್ತಿತ್ತು. ಸೊಸೆಯೂ ಎತ್ತಲಿಲ್ಲ.

ಮರುದಿನ ಎರಡು ಬುಟ್ಟಿಯನ್ನೂ ಸುರುವಿ ಮತ್ತೆ ಪರೀಕ್ಷೆ. ಸೌದೆಯನ್ನು ಬಲಗಿವಿಯ ಹತ್ತಿರ ಎತ್ತಿ ಹಿಡಿದು ಮೇಷ್ಟ್ರಿಂದ ಬಡಿದಳು. ಠಣ್. ಮದುವೆಮನೆಯಲ್ಲಿ ಎಷ್ಟೋ ವರ್ಷದ ಮೇಲೆ ನೆಂಟರನ್ನು ಕಂಡ ಹಾಗೆ ಅವಳ ಮುಖ ಅರಳಿತು. ಅಷ್ಟರಲ್ಲಿ ಸೊಸೆ ಕಚೇರಿಯ ಮೂಲೆಯಲ್ಲಿ ಬಿದ್ದಿದ್ದ ಹಳೆಯ ಪಾರ್ಸಲ್ ತಕ್ಕಡಿಯನ್ನು ಕೇಳಿ ತಂದು ಪಕ್ಕದಲ್ಲಿಟ್ಟು ಕೂತಳು. ಅತ್ತೆ ಬಡಿದು ಹೇಳಿದ ಒಂದೊಂದು ಸೌದೆಯನ್ನೂ ತೂಗಿ, ಅದರ ತುದಿಯಲ್ಲಿ ಪೆನ್ಸಿಲಿನಿಂದ ತೂಕ ಬರೆದಳು.

“ಸೌದೆಗೂ ವಿಳಾಸ ಬರೆದು ಕಳಿಸ್ತೀಯಾ?” ಎಂದು ಅತ್ತೆ ಕಿಚಾಯಿಸಿದಳು.

“ಹದಿನೈದು ದಿನ ಬಿಟ್ಟು ಮತ್ತೆ ತೂಗೋಣ ಅತ್ತೆ. ಒಳಗೆ ನೀರಿದ್ರೆ ತೂಕ ಇಳೀತಾ ಹೋಗುತ್ತೆ. ಒಣಗಿದ್ರೆ ಇದ್ದ ಹಾಗೇ ಇರುತ್ತೆ. ನಿಮ್ಮ ಕಿವೀನ ಅನುಮಾನಿಸ್ತಿದ್ದೀನಿ ಅಂತ ಅಲ್ಲ.”

“ಅನುಮಾನಿಸಮ್ಮ. ನಾನೇ ಅನುಮಾನಿಸಬೇಕಿತ್ತು.”

ಎಡಗಡೆಯ ಸೌದೆಯನ್ನು ಶೆಡ್ಡಿನ ಗಾಳಿ ಬರುವ ಕಡೆ, ನೆಲಕ್ಕೆ ತಾಗದಂತೆ ಹಲಗೆಯ ಮೇಲೆ, ನಡುವೆ ಬೆರಳು ತೂರುವಷ್ಟು ಸಂದು ಬಿಟ್ಟು ಒಟ್ಟಿದರು. ಬಲಗಡೆಯದರಿಂದ ಅಂದೇ ಒಲೆ ಹಚ್ಚಿದರು. ಉರಿ ನೆಟ್ಟಗೆ ಎದ್ದಿತು, ಉಜ್ಜಿದ ಗಾಜು ಸಂಜೆಯಾದರೂ ಬೆಳ್ಳಗೇ ಇತ್ತು. ನಾಲ್ಕನೆಯ ದಿನಕ್ಕೆ ಮಗುವಿನ ಕೆಮ್ಮು ನಿಂತಿತು. ನಿಂತದ್ದು ಈ ಸಲ ಅಜ್ಜಿಗೂ ಗೊತ್ತಾಯಿತು.

ಹದಿನೈದು ದಿನ ಕಳೆದು ಒಂದು ಮಧ್ಯಾಹ್ನ ಅತ್ತೆ ಸೊಸೆ ಇಬ್ಬರೂ ಶೆಡ್ಡಿನ ಮುಂದೆ ಮತ್ತೆ ಕೂತರು. ಒಂದನೇ ತಾರೀಕಿಗೆ ಇನ್ನು ನಾಲ್ಕೇ ದಿನ. ಎಡಗಡೆಯ ಸೌದೆ ಒಂದನ್ನು ತಕ್ಕಡಿಗೆ ಇಟ್ಟು, “ನಲವತ್ತು ಗ್ರಾಂ ಇಳಿದಿದೆ” ಎಂದಳು ಸೊಸೆ. ಬಲಗಡೆಯದರಲ್ಲಿ ಉಳಿದಿದ್ದ ಒಂದನ್ನು ಇಟ್ಟಳು. ಪೆನ್ಸಿಲಿನ ಅಂಕಿ ಎಷ್ಟಿತ್ತೋ ತಕ್ಕಡಿಯ ಮುಳ್ಳು ಅಷ್ಟಕ್ಕೇ ನಿಂತಿತು. ಇನ್ನೊಂದೂ ಹಾಗೇ. ಮತ್ತೊಂದೂ ಹಾಗೇ. ಅತ್ತೆಯ ಕಿವಿ ಹೇಳಿದ ಒಂದೂ ತಪ್ಪಿರಲಿಲ್ಲ. ಸೊಸೆ ಒಂದೊಂದನ್ನೂ ಬರೆದುಕೊಳ್ಳುತ್ತಿದ್ದಳು.

ಸೌದೆಯಮ್ಮ ತಟ್ಟನೆ ಮೇಷ್ಟ್ರನ್ನು ಕೆಳಗಿಟ್ಟು ಎದ್ದಳು.

“ಎಲ್ಲಿಗೆ ಅತ್ತೆ?”

“ಮಗು ಎದ್ದಳು.”

ಸೊಸೆ ತಲೆ ಎತ್ತಿ ಮನೆಯ ಕಡೆ ಕಿವಿಗೊಟ್ಟಳು. “ಅಳು ಏನೂ ಇಲ್ವಲ್ಲ.”

“ಇನ್ನೂ ಅಳ್ತಿಲ್ಲ. ಹೊದಿಕೆ ಒದೀತಿದ್ದಾಳೆ, ತೊಟ್ಟಿಲಿನ ಕೊಂಡಿ ಕಿರುಗುಟ್ಟುತ್ತಿದೆ. ಈಗ ನೋಡು ಬೇಕಾದ್ರೆ.”

ಇಬ್ಬರೂ ಹಾಗೇ ನಿಂತರು. ಒಂದು, ಎರಡು, ಮೂರು ಎಣಿಸುವಷ್ಟರಲ್ಲಿ ಒಳಗಿನಿಂದ ಮನೆ ಹಾರಿಹೋಗುವ ಹಾಗೆ ಅಳು ಎದ್ದಿತು. ಸೌದೆಯಮ್ಮ ಕೈಯ ಚಕ್ಕೆಪುಡಿಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಆಗಲೇ ಹಿತ್ತಲ ಮೆಟ್ಟಿಲು ಹತ್ತಿಯಾಗಿತ್ತು.

“ಅತ್ತೆ” ಎಂದು ಸೊಸೆ ಹಿಂದಿನಿಂದ, ಮಾಮೂಲಿ ದನಿಯಲ್ಲೇ ಕರೆದಳು. ಸೌದೆಯಮ್ಮ ತಿರುಗಿದಳು.

“ಒಂದನೇ ತಾರೀಕು ನಾನು ಒಂಬತ್ತಕ್ಕೇ ಹೊರಡಬೇಕು. ಅವಳ ಹಾಲು ಎಲ್ಲಿಟ್ಟಿರ್ತೀನಿ ಅಂತ ಆಮೇಲೆ ತೋರಿಸ್ತೀನಿ.”